ಅಥೆನ್ಸ್‌ನ ಅಗೊರಾ ಮ್ಯೂಸಿಯಂ: ಆ ಮಡಕೆ ಚೂರುಗಳಿಗಾಗಿಯಾದರೂ ಹೋಗಿ

ಅಥೆನ್ಸ್‌ಗೆ ಹೋದವರು ಅಕ್ರೊಪೊಲಿಸ್ ಹತ್ತಿ ಇಳಿದು, ಕೆಳಗಿನ ಅಗೊರಾದಲ್ಲಿ, ಅಂದರೆ ಹಳೇ ಕಾಲದ ಪೇಟೆ ಚೌಕದಲ್ಲಿ, ಸುಮ್ನೆ ಒಂದು ಸುತ್ತು ಹಾಕಿ ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ. ಅಲ್ಲೇ ಉದ್ದನೆಯ ಕಂಬಸಾಲಿನ ಕಟ್ಟಡದಲ್ಲಿ ಮ್ಯೂಸಿಯಂ ಇದೆ. ಬೇರೆ ಟಿಕೆಟ್ ಬೇಕಿಲ್ಲ.

ನಾನು ಜಾಸ್ತಿ ಹೊತ್ತು ನಿಂತಿದ್ದು ಮಡಕೆ ಚೂರುಗಳ ಮುಂದೆ. ಚಿಕ್ಕಂದಿನಲ್ಲಿ ಕುಂಟೆಬಿಲ್ಲೆಗೆ ಆರಿಸುತ್ತಿದ್ದೆವಲ್ಲ, ಅಂಥವೇ ಬೋಕಿ ಚೂರುಗಳು. ಮೇಲೆ ಮೊನೆಯಿಂದ ಗೀರಿದ ಹೆಸರು, ಪಕ್ಕದಲ್ಲಿ ಅಪ್ಪನ ಹೆಸರು. ಇದೇ ಪ್ರಾಚೀನ ಅಥೆನ್ಸ್‌ನವರ ಓಟಿನ ಚೀಟಿ. ವರ್ಷಕ್ಕೊಮ್ಮೆ ಜನ ಸೇರಿ ಯಾರನ್ನಾದರೂ ಊರು ಬಿಡಿಸಬೇಕಾ ಅಂತ ಕೇಳಿಕೊಳ್ಳುತ್ತಿದ್ದರು. ಹೌದು ಅಂದರೆ ಆಮೇಲೆ ಇನ್ನೊಂದು ದಿನ ಓಟು, 6000 ಚೂರಾದರೂ ಬೀಳಬೇಕು, ಹೆಚ್ಚು ಚೂರು ಬಿದ್ದವನು 10 ದಿನದಲ್ಲಿ ಹೊರಡಬೇಕು, 10 ವರ್ಷ ಇತ್ತ ಕಾಲಿಡುವಂತಿಲ್ಲ. ಆರೋಪ ಇಲ್ಲ, ವಿಚಾರಣೆ ಇಲ್ಲ, ನಾನೇನು ತಪ್ಪು ಮಾಡಿದೆ ಅಂತ ಕೇಳೋಕೂ ಜಾಗ ಇಲ್ಲ.

ಥೆಮಿಸ್ಟೊಕ್ಲಿಸ್ ಹೆಸರು ನೋಡಿದಾಗ ಹೊಟ್ಟೆ ಉರಿಯಿತು. ಪರ್ಷಿಯನ್ನರ ವಿರುದ್ಧದ ಸಲಾಮಿಸ್ ಸಮುದ್ರಯುದ್ಧದಲ್ಲಿ ಊರನ್ನು ಉಳಿಸಿದವನು ಅವನು. ಅವನ ಹೆಸರಿನ ಸುಮಾರು 190 ಚೂರುಗಳು ಅಕ್ರೊಪೊಲಿಸ್‌ನ ಉತ್ತರದ ಇಳಿಜಾರಿನ ಬಾವಿಯೊಂದರಲ್ಲಿ ಸಿಕ್ಕವು. ಬರಹ ನೋಡಿದರೆ ಅಷ್ಟನ್ನೂ ಬರೆದಿದ್ದು ಹದಿನಾಲ್ಕೇ ಕೈಗಳು! ಅಂದರೆ ಯಾರೋ ಕೂತು ಮೊದಲೇ ಬರೆದಿಟ್ಟು ಹಂಚೋಕೆ ತಯಾರಾಗಿದ್ದರು. ಜನರ ಸಿಟ್ಟು ಅಂತ ನಾವು ಕರೆಯೋದರಲ್ಲಿ ಎಷ್ಟು ಪಾಲು ಹೀಗೆ ತಯಾರಾದದ್ದು, ಅಲ್ವಾ?

ನನಗೆ ಘಟಶ್ರಾದ್ಧ ನೆನಪಾಯಿತು. ನಮ್ಮಲ್ಲಿ ಬದುಕಿದ್ದವರನ್ನೇ ಸತ್ತರು ಅಂತ ಜಾತಿಯಿಂದ ಹೊರಗೆ ಹಾಕುವಾಗ ಒಡೆಯುತ್ತಿದ್ದದ್ದೂ ಮಡಕೆಯನ್ನೇ. ಆದರೆ ಅಥೆನ್ಸ್‌ನವನ ಮನೆ ಜಮೀನು ಅವನದ್ದಾಗಿಯೇ ಉಳಿಯುತ್ತಿತ್ತು, ವಾಪಸ್ ಬರುವ ದಿನವೂ ಗೊತ್ತಿರುತ್ತಿತ್ತು. ನಮ್ಮ ಹೆಣ್ಣುಮಕ್ಕಳಿಗೆ ಅಷ್ಟೂ ಇರಲಿಲ್ಲ. ಇದನ್ನು ಯೋಚಿಸುತ್ತಾ ಅಲ್ಲಿ ನಿಲ್ಲೋದು ಕಷ್ಟವಾಯಿತು.

ನಾವು ಗುಂಪಿನ ಜೊತೆ ಹೋಗಿದ್ದೆವು. ಗೈಡ್ ಎರಡೇ ನಿಮಿಷದಲ್ಲಿ ಇದನ್ನು ಮುಗಿಸಿ ಮುಂದೆ ಕರೆದುಕೊಂಡು ಹೋದರು. ಮಾರನೇ ದಿನ ನಾನೊಬ್ಬಳೇ ಮತ್ತೆ ಟಿಕೆಟ್ ತೆಗೆದುಕೊಂಡು ಹೋದೆ. ನೀವು ಮೊದಲೇ ಗುಂಪು ಬಿಟ್ಟು ಹೋಗಿ. ಮೊನಾಸ್ತಿರಾಕಿ ಮೆಟ್ರೋದಲ್ಲಿ ಇಳಿದರೆ ನಡೆದೇ ಹೋಗಬಹುದು. ಮ್ಯೂಸಿಯಂಗೇ ಒಂದು ಗಂಟೆ ಇಟ್ಟುಕೊಳ್ಳಿ.