ಕೊನೆ ರೂಮಿಗೂ ಬಿಸಿ ಬಂತು: ಎರಡು ಕ್ಲಿಪ್ಪಿನ ಥರ್ಮಾಮೀಟರ್ ಬಗ್ಗೆ

ಪೈಪಿಗೆ ಕಚ್ಚಿಸುವ ಎರಡು ಕ್ಲಿಪ್ ಇರುವ ಡಿಜಿಟಲ್ ಥರ್ಮಾಮೀಟರ್ ಇದು. ಮೀಟರ್‌ಗೆ 28 ಪೌಂಡ್, ಕ್ಲಿಪ್ ಜೋಡಿಗೆ 14, ಒಟ್ಟು 42 ಪೌಂಡ್ ಕೊಟ್ಟೆ. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕಂದ್ರೆ ಇದೇ ಡಬ್ಬ ಹತ್ತು ಹೆಸರಿನಲ್ಲಿ ಸಿಗುತ್ತದೆ, ಬಣ್ಣ ಮಾತ್ರ ಬೇರೆ. ಬ್ರಿಟನ್‌ನಲ್ಲಿ ಗ್ಯಾಸ್ ಬಾಯ್ಲರ್, ರೇಡಿಯೇಟರ್ ಇರುವ ಮನೆಯಲ್ಲಿದ್ದು, ಒಂದು ರೂಮು ಒಲೆ, ಇನ್ನೊಂದು ರೂಮು ಫ್ರಿಜ್ ಆಗಿದ್ದರೆ ಮುಂದೆ ಓದಿ. ಬಾಕಿಯವರಿಗೆ ಇದರಿಂದ ಏನೂ ಉಪಯೋಗ ಇಲ್ಲ.

ನಮ್ಮದು ರೆಡಿಂಗ್‌ನಲ್ಲಿ 1930ರ ದಶಕದ ಮನೆ. ಎಂಟು ರೇಡಿಯೇಟರ್, ಬಾತ್‌ರೂಮಿನಲ್ಲಿ ಟವೆಲ್ ಒಣಗಿಸುವ ಏಣಿ ತರಹದ್ದೊಂದು, ಅಡುಗೆಮನೆಯಲ್ಲಿ ಕಾಂಬಿ ಬಾಯ್ಲರ್, ಅಂದ್ರೆ ಹೀಟಿಂಗಿಗೂ ನಲ್ಲಿಯ ಬಿಸಿನೀರಿಗೂ ಒಂದೇ. ನವೆಂಬರ್‌ನಲ್ಲಿ ಅಮ್ಮ ಊರಿಂದ ಬಂದಳು. ಅವಳಿಗೆ ಕೊಟ್ಟಿದ್ದು ಮೇಲ್ಮಹಡಿಯ ಹಿಂದಿನ ಚಿಕ್ಕ ರೂಮು. ಮೂರನೇ ದಿನ ಬೆಳಗ್ಗೆ ನೋಡಿದರೆ ಮಂಕಿ ಕ್ಯಾಪ್, ಎರಡು ಸ್ವೆಟರ್, ಮೇಲೊಂದು ಕಂಬಳಿ ಹೊದ್ದುಕೊಂಡು ಹಾಸಿಗೆ ಮೇಲೆ ಕೂತಿದ್ದಾಳೆ. ರೂಮಿನಲ್ಲಿ 15.5 ಡಿಗ್ರಿ. ಕೆಳಗೆ ಹಜಾರದಲ್ಲಿ 21. ಹಜಾರದ ರೇಡಿಯೇಟರ್ ಎಷ್ಟು ಕಾಯುತ್ತಿತ್ತು ಅಂದ್ರೆ, ನನ್ನ ಹೆಂಡತಿ ದೋಸೆ ಹಿಟ್ಟಿನ ಪಾತ್ರೆಯನ್ನು ಅದರ ಪಕ್ಕ ಸ್ಟೂಲ್ ಮೇಲೆ ಇಟ್ಟರೆ ಡಿಸೆಂಬರ್‌ನಲ್ಲೂ ರಾತ್ರೋರಾತ್ರಿ ಉಕ್ಕಿ ಚೆಲ್ಲುತ್ತಿತ್ತು.

ಥರ್ಮೋಸ್ಟಾಟ್ ಇರೋದೂ ಅದೇ ಹಜಾರದಲ್ಲಿ. ತೊಂದರೆ ಶುರುವಾಗಿದ್ದೇ ಅಲ್ಲಿ. ಹಜಾರ ಬೇಗ ಬಿಸಿಯಾಗುತ್ತದೆ, ಸಾಕು ಅಂತ ಥರ್ಮೋಸ್ಟಾಟ್ ಬಾಯ್ಲರ್ ಆರಿಸುತ್ತದೆ, ಅಷ್ಟೊತ್ತಿಗೆ ಅಮ್ಮನ ರೂಮಿನ ರೇಡಿಯೇಟರ್ ಇನ್ನೂ ಉಗುರುಬೆಚ್ಚಗೂ ಆಗಿರಲ್ಲ.

ಮೊದಲು ಒಬ್ಬ ಹೀಟಿಂಗ್ ಎಂಜಿನಿಯರ್‌ನ ಕರೆಸಿದ್ದೆ. ಬಂದರು, ಚಿಕ್ಕ ಕೀಲಿಯಿಂದ ರೇಡಿಯೇಟರ್‌ಗಳ ಒಳಗಿನ ಗಾಳಿ ಹೊರಗೆ ಬಿಟ್ಟರು, ಇಪ್ಪತ್ತು ನಿಮಿಷ. ಆಮೇಲೆ ಪವರ್‌ಫ್ಲಶ್ ಮಾಡಿಸಬೇಕು, ಅಂದ್ರೆ ಮಶಿನ್‌ನಿಂದ ಜೋರಾಗಿ ನೀರು ಹಾಯಿಸಿ ಒಳಗಿನ ಕೊಳೆ ತೊಳೆಯೋದು, 550 ಪೌಂಡ್ ಅಂದರು. ಬಂದಿದ್ದಕ್ಕೆ 80 ಪೌಂಡ್ ಬೇರೆ. ಆ ರಾತ್ರಿ ಕೂತು ಓದಿದೆ. ರೇಡಿಯೇಟರ್ ಮೇಲ್ಭಾಗ ತಣ್ಣಗಿದ್ದು ಕೆಳಗೆ ಬಿಸಿ ಇದ್ದರೆ ಒಳಗೆ ಗಾಳಿ. ಕೆಳಗೆ ನಡುವಿನಲ್ಲಿ ತಣ್ಣಗಿದ್ದು ಸುತ್ತ ಬಿಸಿ ಇದ್ದರೆ ಕೆಸರು, ಅಂದ್ರೆ ತುಕ್ಕಿನ ಕಪ್ಪು ಹೂಳು. ಇಡೀ ರೇಡಿಯೇಟರ್ ಒಂದೇ ಸಮ ಉಗುರುಬೆಚ್ಚಗಿದ್ದು, ಬೇರೆಯವು ಸುಡುತ್ತಿದ್ದರೆ ಅದಕ್ಕೆ ನೀರೇ ಸಾಲುತ್ತಿಲ್ಲ ಅಂತ ಮೊದಲು ಅನುಮಾನಪಡಬೇಕು. ನಮ್ಮದು ಈ ಮೂರನೇದು. ಫ್ಲಶ್ ಮಾಡಿಸಿದ್ದರೆ ಶುದ್ಧ ನೀರು ಹಜಾರಕ್ಕೆ ಹೋಗುತ್ತಿತ್ತು, ಅಷ್ಟೇ.

ಅಮ್ಮನಿಗೆ ವಿವರಿಸಲು ಹೋದೆ. ಬಾಯ್ಲರ್‌ನ ಪಂಪ್ ಬಿಸಿನೀರು ತಳ್ಳುತ್ತದೆ, ನೀರು ಸುಲಭದ ದಾರಿ ಹುಡುಕುತ್ತದೆ, ಹತ್ತಿರದ ರೇಡಿಯೇಟರ್‌ಗಳಲ್ಲೇ ಸುತ್ತಿ ವಾಪಸ್ ಬರುತ್ತದೆ, ದೂರದ್ದಕ್ಕೆ ತಳ್ಳಲು ಒತ್ತಡ ಉಳಿಯಲ್ಲ ಅಂತ. ಅವಳು ಪೂರ್ತಿ ಕೇಳಲೂ ಇಲ್ಲ. "ಇದು ನಮ್ಮ ನಾಲೆ ಕಥೆನೇ ಅಲ್ವೇನೋ" ಅಂದಳು. ನಮ್ಮೂರು ಹರಿಹರ ತಾಲ್ಲೂಕಿನಲ್ಲಿ, ಭದ್ರಾ ನಾಲೆಯ ಕೊನೆ ಭಾಗ. ಮೇಲಿನವರು ತೂಬು ಪೂರ್ತಿ ಎತ್ತಿಕೊಂಡು ಭತ್ತಕ್ಕೆ ನೀರು ನಿಲ್ಲಿಸಿಕೊಂಡರೆ ಕೆಳಗಿನ ಗದ್ದೆ ಬಿರುಕು ಬಿಡುತ್ತದೆ. ಡ್ಯಾಮಿನಿಂದ ಎಷ್ಟು ಬಿಟ್ಟರೂ ಅಷ್ಟೇ. "ಹಂಗಾದ್ರೆ ಮೇಲಿನ ತೂಬು ಇಳಿಸು. ಬಾಯ್ಲರ್ ಯಾಕೆ ಜಾಸ್ತಿ ಮಾಡ್ತಿ?" ನಾನು ಹದಿನೈದು ದಿನದಿಂದ ಮಾಡುತ್ತಿದ್ದಿದ್ದು ಅದನ್ನೇ, ಬಾಯ್ಲರ್ ಜಾಸ್ತಿ ಮಾಡೋದು.

ಇಲ್ಲಿ ತೂಬು ಅಂದ್ರೆ ಲಾಕ್‌ಶೀಲ್ಡ್ ವಾಲ್ವ್. ರೇಡಿಯೇಟರ್‌ನ ಒಂದು ತುದಿಯಲ್ಲಿ ಅಂಕಿ ಇರುವ ತಿರುಗಣೆ ಇರುತ್ತದೆ, ಅದು ಎಲ್ಲರಿಗೂ ಗೊತ್ತು. ಇನ್ನೊಂದು ತುದಿಯಲ್ಲಿ ಬಿಳಿ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಸುಮ್ನೆ ಕೂತಿರುತ್ತಲ್ಲ, ಅದು ಲಾಕ್‌ಶೀಲ್ಡ್. ಟೋಪಿ ಎಳೆದರೆ ಒಳಗೆ ಚಿಕ್ಕ ಹಿತ್ತಾಳೆ ಮೊಳೆ ತರಹದ್ದು, ಸ್ಪ್ಯಾನರ್ ಹಾಕಿ ತಿರುಗಿಸಬಹುದು. ಯಾವ ರೇಡಿಯೇಟರ್‌ಗೆ ಎಷ್ಟು ನೀರು ಅಂತ ನಿರ್ಧಾರ ಆಗೋದು ಅಲ್ಲಿ. ಇದಕ್ಕೆ ಬ್ಯಾಲೆನ್ಸಿಂಗ್ ಅಂತಾರೆ. ಗ್ಯಾಸ್ ಮುಟ್ಟುವ ಕೆಲಸಕ್ಕೆ ಗ್ಯಾಸ್ ಸೇಫ್ (ಇಲ್ಲಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇದ್ದವರೇ ಬೇಕು. ಇದು ಬರೀ ನೀರಿನ ಕೆಲಸ, ನಾವೇ ಮಾಡಬಹುದು.

ಥರ್ಮಾಮೀಟರ್ ಯಾಕೆ ಬೇಕು? ಒಂದು ಕ್ಲಿಪ್ ರೇಡಿಯೇಟರ್‌ಗೆ ನೀರು ಬರುವ ಪೈಪಿಗೆ, ಇನ್ನೊಂದು ನೀರು ಹೋಗುವ ಪೈಪಿಗೆ. ಮೀಟರ್ ಎರಡನ್ನೂ ತೋರಿಸಿ, ಒಂದರಿಂದ ಒಂದನ್ನು ಕಳೆದು ವ್ಯತ್ಯಾಸವನ್ನೂ ಕೊಡುತ್ತದೆ. ವ್ಯತ್ಯಾಸ ತೀರಾ ಕಡಿಮೆ ಅಂದ್ರೆ ಬೇಕಾದ್ದಕ್ಕಿಂತ ಜಾಸ್ತಿ ನೀರು ಓಡುತ್ತಿದೆ, ಬಹುಪಾಲು ಶಾಖ ಹಾಗೇ ವಾಪಸ್ ಹೋಗುತ್ತಿದೆ. ತೀರಾ ಜಾಸ್ತಿ ಅಂದ್ರೆ ನೀರು ಸಾಲುತ್ತಿಲ್ಲ. ಹಳೇ ಬಾಯ್ಲರ್‌ಗಳ ಕಾಲದಲ್ಲಿ ಬರೋದು 82, ಹೋಗೋದು 71, ಅಂದ್ರೆ 11 ಡಿಗ್ರಿ ಅಂತ ಲೆಕ್ಕ. ಈಗಿನ ಕಂಡೆನ್ಸಿಂಗ್ ಬಾಯ್ಲರ್‌ಗಳಿಗೆ 20ರ ಹತ್ತಿರ ಇದ್ದರೆ ಒಳ್ಳೇದು.

ಈ ಕಂಡೆನ್ಸಿಂಗ್ ವಿಷಯ ಒಂದು ನಿಮಿಷ ಹೇಳಲೇಬೇಕು. ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ಹಬೆ ತಾಗಿ ನೀರಾಗಿ ತೊಟ್ಟಿಕ್ಕುತ್ತಲ್ಲ, ಆಗ ಮುಚ್ಚಳ ಎಷ್ಟು ಬಿಸಿಯಾಗುತ್ತದೆ ನೋಡಿ. ಗ್ಯಾಸ್ ಉರಿದಾಗಲೂ ಹೊಗೆಯಲ್ಲಿ ಹಬೆ ಇರುತ್ತದೆ. ಅದು ಬಾಯ್ಲರ್ ಒಳಗೇ ನೀರಾದರೆ ಆ ಶಾಖ ನಮಗೆ ಸಿಗುತ್ತದೆ, ಇಲ್ಲದಿದ್ದರೆ ಕೊಳವೆಯಿಂದ ಹೊರಗೆ. ಆದರೆ ಅದಕ್ಕೆ ರೇಡಿಯೇಟರ್‌ಗಳಿಂದ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿರಬೇಕು. ಇಂಗ್ಲೆಂಡಿನಲ್ಲಿ 2005ರಿಂದ ಹೊಸ ಗ್ಯಾಸ್ ಬಾಯ್ಲರ್ ಹಾಕಿದರೆ ಸಾಮಾನ್ಯವಾಗಿ ಕಂಡೆನ್ಸಿಂಗೇ ಇರಬೇಕು ಅಂತ ನಿಯಮ. ನಮ್ಮದೂ ಅದೇ. ಆದರೆ ಈ ಮೀಟರ್ ಬಾಯ್ಲರ್ ಪೈಪಿಗೆ ಹಾಕಿ ನೋಡಿದರೆ ಬಾಯ್ಲರ್‌ನಿಂದ ಹೋಗೋದು 70, ವಾಪಸ್ ಬರೋದು 63. ಹೆಸರಿಗೆ ಮಾತ್ರ ಕಂಡೆನ್ಸಿಂಗ್.

ಈಗ ಕೆಲಸಕ್ಕೆ ಬರೋಣ. ಮೀಟರ್ ಬಂದ ದಿನ ಮೊದಲು ಮಾಡಿದ್ದು ಎರಡೂ ಕ್ಲಿಪ್ಪನ್ನು ಒಂದೇ ಪೈಪಿಗೆ ಪಕ್ಕಪಕ್ಕ ಕಚ್ಚಿಸಿದ್ದು. ಎರಡೂ ಒಂದೇ ಅಂಕಿ ತೋರಿಸಬೇಕು ತಾನೆ? ನನ್ನದರಲ್ಲಿ 0.6 ಡಿಗ್ರಿ ವ್ಯತ್ಯಾಸ ಇತ್ತು. ಈ ಕೆಲಸಕ್ಕೆ ಪರವಾಗಿಲ್ಲ. ಎರಡು ಮೂರು ಡಿಗ್ರಿ ತೋರಿಸಿದರೆ ವಾಪಸ್ ಕಳಿಸಿ.

ಶನಿವಾರ ಬೆಳಗ್ಗೆ ಹೀಟಿಂಗ್ ಆರಿಸಿ, ಎಲ್ಲ ತಣ್ಣಗಾಗಲು ಬಿಟ್ಟು, ಅಂಕಿ ಇರುವ ತಿರುಗಣೆಗಳನ್ನು ಪೂರ್ತಿ ತೆರೆದೆ. ಪ್ರತಿ ಲಾಕ್‌ಶೀಲ್ಡನ್ನೂ ಮೊದಲು ಎಷ್ಟು ಸುತ್ತಿಗೆ ಮುಚ್ಚುತ್ತದೆ ಅಂತ ಎಣಿಸಿ ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ಪೂರ್ತಿ ತೆರೆದೆ. ಈ ಚೀಟಿ ಮರೆಯಬೇಡಿ, ಏನಾದರೂ ಎಡವಟ್ಟಾದರೆ ಇದ್ದ ಜಾಗಕ್ಕೆ ವಾಪಸ್ ಹೋಗಬಹುದು. ಥರ್ಮೋಸ್ಟಾಟ್ 30ಕ್ಕೆ ಇಟ್ಟೆ, ಮಧ್ಯದಲ್ಲಿ ಬಾಯ್ಲರ್ ಆರಬಾರದು ಅಂತ. ಹೀಟಿಂಗ್ ಹಚ್ಚಿ ಮನೆಯೆಲ್ಲ ಓಡಾಡಿ ಯಾವುದು ಮೊದಲು ಬಿಸಿಯಾಗುತ್ತದೆ ಅಂತ ಕೈಯಿಟ್ಟು ನೋಡಿದೆ. ಮೊದಲು ಬಾತ್‌ರೂಮಿನ ಟವೆಲ್ ಏಣಿ. ಅಷ್ಟು ಚಿಕ್ಕದು ಅಷ್ಟು ನೀರು ಕುಡಿಯುತ್ತದೆ ಅಂತ ನಾನು ಅಂದುಕೊಂಡೇ ಇರಲಿಲ್ಲ. ಎರಡನೇದು ಹಜಾರ, ನಾಲ್ಕು ನಿಮಿಷ. ಕೊನೇದು ಅಮ್ಮನ ರೂಮು, ಮುಕ್ಕಾಲು ಗಂಟೆ ಆದರೂ ಕೈಗೆ ಹಿತವಾಗಿದೆ ಅನ್ನುವಷ್ಟೇ.

ಬೇಗ ಬಿಸಿಯಾದದ್ದರಿಂದ ಶುರು ಮಾಡಬೇಕು. ಲಾಕ್‌ಶೀಲ್ಡ್ ಪೂರ್ತಿ ಮುಚ್ಚಿ, ಕಾಲು ಸುತ್ತು ತೆರೆದು, ಕ್ಲಿಪ್ ಹಾಕಿ, ಹತ್ತು ನಿಮಿಷ ಕಾದು, ಅಂಕಿ ನೋಡೋದು. ಹಜಾರದ್ದು ಮೊದಲು ಬರೋದು 69, ಹೋಗೋದು 65 ಇತ್ತು, ನಾಲ್ಕೇ ಡಿಗ್ರಿ. ಕಾಲು ಸುತ್ತಿಗೆ ಇಳಿಸಿದ ಮೇಲೆ ನಿಧಾನಕ್ಕೆ 8, 11, 14 ಅಂತ ಏರಿ 17ಕ್ಕೆ ನಿಂತಿತು. ನೆಲದ ಮೇಲೆ ಕಾಲು ಚಾಚಿಕೊಂಡು ಆ ಅಂಕಿ ಏರೋದು ನೋಡೋದರಲ್ಲಿ ಒಂದು ಸುಖ ಇದೆ, ಸುಳ್ಳು ಹೇಳಲ್ಲ. ಅಮ್ಮ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತು ನೀರಗಂಟಿ ಕೆಲಸ ಚೆನ್ನಾಗಿ ಬರುತ್ತೆ ನಿನಗೆ ಅಂದಳು.

ಆದರೆ ಒಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಒಂದು ತೂಬು ಇಳಿಸಿದರೆ ಆ ನೀರು ಬೇರೆ ಎಲ್ಲ ಕಡೆ ಹಂಚಿಕೊಳ್ಳುತ್ತದೆ, ಹಾಗಾಗಿ ಆಗಲೇ ಸರಿಮಾಡಿ ಬಂದಿದ್ದರ ಅಂಕಿಯೂ ಬದಲಾಗುತ್ತದೆ. ಎಂಟನೇದು ಮುಗಿಸಿ ಬಂದು ಹಜಾರ ನೋಡಿದರೆ 17 ಹೋಗಿ 12 ಆಗಿದೆ. ಎರಡನೇ ಸುತ್ತು ಮಾಡಲೇಬೇಕು. ಮೂರನೇದನ್ನು ಭಾನುವಾರ ಮಾಡಿದೆ. ಇನ್ನೊಂದು, ಬಾಯ್ಲರ್ ತಾನೇ ಉರಿ ಹೆಚ್ಚುಕಡಿಮೆ ಮಾಡಿಕೊಳ್ಳುತ್ತಿರುತ್ತದೆ, ಆಗ ಅಂಕಿ ಕುಣಿಯುತ್ತದೆ. ಒಂದೆರಡು ಡಿಗ್ರಿಗೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ನನಗೆ 20 ಎಲ್ಲಿಯೂ ಸಿಗಲಿಲ್ಲ, 14ರಿಂದ 17ರ ಒಳಗೆ ಎಲ್ಲವೂ ಬಂದವು, ಸಾಕು ಅಂತ ಬಿಟ್ಟೆ. ಕೊನೆಗೆ ಟವೆಲ್ ಏಣಿ ಅರೆಕಾಲು ಸುತ್ತು, ಹಜಾರ ಕಾಲಿಗಿಂತ ತುಸು ಕಡಿಮೆ, ಅಮ್ಮನ ರೂಮು ಪೂರ್ತಿ ತೆರೆದಿದೆ. ಬಾಯ್ಲರ್‌ಗೆ ವಾಪಸ್ ಬರೋದು 63 ಇದ್ದದ್ದು 54. ಅಡುಗೆಮನೆ ಹೊರಗಿನ ಪ್ಲಾಸ್ಟಿಕ್ ಪೈಪಿನಿಂದ ನೀರು ತೊಟ್ಟಿಕ್ಕುತ್ತಿದೆ, ಅಂದ್ರೆ ಹಬೆ ಈಗ ಬಾಯ್ಲರ್ ಒಳಗೇ ನೀರಾಗುತ್ತಿದೆ. ಆಮೇಲೆ ಬಾಯ್ಲರನ್ನೇ 60ಕ್ಕೆ ಇಳಿಸಿದೆ, ಆದರೂ ಎಲ್ಲ ರೂಮು ಬೆಚ್ಚಗಿದೆ. ಗ್ಯಾಸ್ ಬಿಲ್ ಎಷ್ಟು ಉಳಿಯಿತು ಅಂತ ಕೇಳಬೇಡಿ, ಈ ಸಲ ಅಮ್ಮ ಇದ್ದಾಳೆ, ಹಗಲಿಡೀ ಹೀಟಿಂಗ್ ಇದೆ, ಹೋದ ವರ್ಷದ ಜೊತೆ ಹೋಲಿಸಿದರೆ ಅರ್ಥ ಇಲ್ಲ.

ಒಂದು ಎಚ್ಚರಿಕೆ. ಊಟದ ರೂಮಿನ ಲಾಕ್‌ಶೀಲ್ಡ್ ಬಹುಶಃ ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ. ತಿರುಗಿಸಿದ ಕೂಡಲೇ ಮೊಳೆಯ ಬುಡದಿಂದ ಕಪ್ಪು ನೀರು ಜಿನುಗಿತು, ಕಾರ್ಪೆಟ್ ಮೇಲೆ ರೂಪಾಯಿ ಅಗಲದ ಕಲೆ. ಬುಡದಲ್ಲಿರುವ ಚಿಕ್ಕ ನಟ್ಟನ್ನು ಸ್ವಲ್ಪವೇ ಬಿಗಿ ಮಾಡಿದರೆ ನಿಲ್ಲುತ್ತದೆ, ನಿಂತಿತು. ಹಳೇ ಬಟ್ಟೆ, ಬಟ್ಟಲು ಪಕ್ಕದಲ್ಲಿಟ್ಟುಕೊಂಡೇ ಕೂತುಕೊಳ್ಳಿ. ಗಾಳಿ ಬಿಟ್ಟಿದ್ದರೆ ಬಾಯ್ಲರ್‌ನ ಒತ್ತಡವನ್ನೂ ನೋಡಿ, ತಣ್ಣಗಿರುವಾಗ 1ರಿಂದ 1.5 ಬಾರ್ ಒಳಗೆ ಇರಬೇಕು.

ಇನ್ನು ಮೀಟರ್‌ನ ಗುಣ ದೋಷ. ಅಂಕಿ ದೊಡ್ಡದಾಗಿದೆ, ಹಿಂದೆ ಬೆಳಕಿದೆ, ಸೋಫಾ ಹಿಂದಿನ ಕತ್ತಲಲ್ಲೂ ಓದಬಹುದು. ಕ್ಲಿಪ್ 15 ಮಿಲಿಮೀಟರ್ ತಾಮ್ರದ ಪೈಪಿಗೆ ಗಟ್ಟಿಯಾಗಿ ಕಚ್ಚುತ್ತದೆ. ಆದರೆ ಮೇಲ್ಮಹಡಿಯಲ್ಲಿ 10 ಮಿಲಿಮೀಟರ್ ಪೈಪು, ಅಲ್ಲಿ ಸಡಿಲ. ರಬ್ಬರ್ ಬ್ಯಾಂಡ್ ಸುತ್ತಿದೆ. ವೈರ್ ಒಂದೊಂದೂ ಒಂದು ಮೀಟರ್ ಅಷ್ಟೇ, ಲಿವಿಂಗ್ ರೂಮಿನ ಉದ್ದದ ರೇಡಿಯೇಟರ್‌ಗೆ ಮೀಟರನ್ನು ನಡುವೆ ಜೋತಾಡಿಸಬೇಕಾಯಿತು. ಎಲ್ಲಕ್ಕಿಂತ ಸಿಟ್ಟು ಬರಿಸಿದ್ದು, ಹದಿನೈದು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ಅದನ್ನು ತಪ್ಪಿಸಲು ಯಾವ ಬಟನ್ ಒತ್ತಬೇಕು ಅಂತ ಜೊತೆಗೆ ಬಂದ ಚೀಟಿಯಲ್ಲಿ ಇಲ್ಲ. ಎರಡು ಬಟನ್ ಒಟ್ಟಿಗೆ ಒತ್ತಿದಾಗ ಅಕಸ್ಮಾತ್ ಗೊತ್ತಾಯಿತು.

ಇದರ ಬದಲು ಹದಿನೈದು ಪೌಂಡಿನ ಇನ್‌ಫ್ರಾರೆಡ್ ಗನ್ ಸಾಲದೇ ಅಂತ ಗೆಳೆಯನೊಬ್ಬ ಕೇಳಿದ. ಅವನ ಗನ್ ತಂದು ಪಕ್ಕದಲ್ಲೇ ಇಟ್ಟು ನೋಡಿದೆವು. ಹೊಳೆಯುವ ತಾಮ್ರದ ಮೇಲೆ ಅದು ಭಾರಿ ಕಡಿಮೆ ತೋರಿಸುತ್ತದೆ, ಕ್ಲಿಪ್ 66 ಅಂದರೆ ಅದು 38. ಪೈಪಿಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದ ಮೇಲೆ ಸರಿಯಾಗಿ ಬಂತು. ಟೇಪ್ ಸುತ್ತುವ ತಾಳ್ಮೆ ಇದ್ದರೆ ಅದೂ ನಡೆಯುತ್ತದೆ. ಕೊರೋನಾ ಕಾಲದ ಹಣೆಗೆ ಹಿಡಿಯುವ ಗನ್ ಮಾತ್ರ ಬೇಡ. ಅದು ಜ್ವರ ನೋಡಲಿಕ್ಕೆ ಮಾಡಿದ್ದು, ಅಷ್ಟು ಬಿಸಿ ಅದರ ಅಳತೆಗೆ ಸಿಗಲ್ಲ.

ಎರಡು ಬೆಡ್‌ರೂಮಿನ ಫ್ಲಾಟ್, ನಾಲ್ಕೇ ರೇಡಿಯೇಟರ್ ಅಂದ್ರೆ ಕೈಯಿಟ್ಟು ನೋಡಿ ಅಂದಾಜಿನಲ್ಲೇ ಮಾಡಬಹುದು, ದುಡ್ಡು ದಂಡ ಮಾಡಬೇಡಿ. ಬಾಡಿಗೆ ಮನೆಯಾದರೆ ಮೊದಲು ಮಾಲೀಕರನ್ನು ಕೇಳಿ. ಏಳೆಂಟು ರೇಡಿಯೇಟರ್ ಇದ್ದವರು ತಗೊಳ್ಳಿ, ಕೆಲಸ ಮುಗಿದ ಮೇಲೆ ಸ್ನೇಹಿತರಿಗೆ ಕೊಡಿ, ನನ್ನದು ಆಗಲೇ ಮೂರನೇ ಮನೆಯಲ್ಲಿದೆ. ಐದಕ್ಕೆ ನಾಲ್ಕು ಸ್ಟಾರ್. ಕಳೆದ ಒಂದು ಸ್ಟಾರ್ ಆ ಆಫ್ ಆಗುವ ಚಾಳಿಗೆ.

ಅಮ್ಮನ ರೂಮು ಈಗ 19.5 ಇರುತ್ತದೆ. ಮಂಕಿ ಕ್ಯಾಪ್ ತೆಗೆದಿದ್ದಾಳೆ. ಹಜಾರ ಮಾತ್ರ ಮೊದಲಿನಷ್ಟು ಕಾಯಲ್ಲ, ದೋಸೆ ಹಿಟ್ಟು ಎರಡು ದಿನ ಉಬ್ಬಲೇ ಇಲ್ಲ. ಹಜಾರದ ತೂಬು ಸ್ವಲ್ಪ ಎತ್ತು ಅಂತ ಹೆಂಡತಿ, ಮುಟ್ಟಿದರೆ ನೋಡು ಅಂತ ಅಮ್ಮ. ಈಗ ಹಿಟ್ಟಿನ ಪಾತ್ರೆ ಅಮ್ಮನ ರೂಮಿನ ರೇಡಿಯೇಟರ್ ಪಕ್ಕದಲ್ಲಿ, ಅದೇ ಸ್ಟೂಲ್ ಮೇಲೆ ಇದೆ.