ದೀಪಾವಳಿ ರಿಯಾಯಿತಿಯ ಶಾಂಪೂ: ಚೀಟಿಯ ಕೆಳಗೆ ಅಡಗಿದ್ದ ಬೆಲೆ

ತಲೆಗೆ ಹಚ್ಚುವ ಎಣ್ಣೆ, ಶಾಂಪೂ, ಕೂದಲ ಬಣ್ಣ ಇವುಗಳನ್ನು ಹಬ್ಬದ ರಿಯಾಯಿತಿ ಬರುವ ತನಕ ತಡೆದು, ಒಮ್ಮೆಗೇ ಕೊಂಡಿಟ್ಟುಕೊಳ್ಳುವ ರೂಢಿ ಹುಬ್ಬಳ್ಳಿ-ಧಾರವಾಡದ ಅನೇಕ ಮನೆಗಳಲ್ಲಿದೆ. ಆ ರೂಢಿಯಲ್ಲಿ ತಪ್ಪೇನೂ ಇಲ್ಲ. ಆದರೆ 2025ರ ದೀಪಾವಳಿಯಲ್ಲಿ ಹುಬ್ಬಳ್ಳಿ ಪೇಟೆಯ ಒಂದು ಅಂಗಡಿಯಲ್ಲಿ ನಮ್ಮ ಮನೆಮಂದಿಗೆ ಆದದ್ದು ಮುಂದಿನ ಹಬ್ಬದಲ್ಲಿ ಇನ್ನೊಬ್ಬರಿಗೆ ಆಗಬಾರದೆಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಆ ವರ್ಷ ಕಾಯುವುದಕ್ಕೆ ಬಲವಾದ ಕಾರಣವೂ ಇತ್ತು. ಸೆಪ್ಟೆಂಬರ್ 22ರಿಂದ ಕೂದಲೆಣ್ಣೆ ಮತ್ತು ಶಾಂಪೂ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿತ್ತು. ತೆರಿಗೆಯೆಲ್ಲ ಸೇರಿ 118 ರೂಪಾಯಿ ಇದ್ದ ಶಾಂಪೂ 105 ರೂಪಾಯಿಗೆ ಬರಬೇಕು; ಅಂದರೆ ಗರಿಷ್ಠ ಮಾರಾಟ ಬೆಲೆಯಲ್ಲಿ ಸುಮಾರು ಶೇ. 11ರಷ್ಟು ಇಳಿಕೆ. ಶೇ. 13 ಎಂದು ಹಲವರು ಹೇಳುತ್ತಿದ್ದರು, ಅದು ತೆರಿಗೆಯ ದರದಲ್ಲಾದ ವ್ಯತ್ಯಾಸವೇ ಹೊರತು ನಾವು ಕೊಡುವ ಬೆಲೆಯಲ್ಲಿ ಆಗುವ ವ್ಯತ್ಯಾಸವಲ್ಲ. ಕೂದಲ ಬಣ್ಣಕ್ಕೆ ಈ ಇಳಿಕೆ ಅನ್ವಯಿಸಲೇ ಇಲ್ಲ. ಆದರೂ ಆ ಅಂಗಡಿಯ ಮುಂದೆ ಕಟ್ಟಿದ್ದ ಬ್ಯಾನರಿನಲ್ಲಿ, ಜಿಎಸ್‌ಟಿ ಇಳಿಕೆ ಮತ್ತು ದೀಪಾವಳಿ ಕೊಡುಗೆ ಎರಡೂ ಸೇರಿ ಕೂದಲಿನ ಎಲ್ಲ ಸಾಮಗ್ರಿಗೂ ಶೇ. 25 ರಿಯಾಯಿತಿ ಎಂದು ಬರೆದಿತ್ತು.

ನಮ್ಮ ವೈನಿಯವರು (ಅತ್ತಿಗೆ) ಎರಡು ಮನೆಗೆ ಸಾಲುವಷ್ಟು ಶಾಂಪೂ, ಎಣ್ಣೆ ಮತ್ತು ಬಣ್ಣದ ಪೊಟ್ಟಣಗಳನ್ನು ಆರಿಸಿದರು. ಅವುಗಳಲ್ಲಿ ಹೆಚ್ಚಿನವನ್ನು ಎರಡೆರಡಾಗಿ ಜೋಡಿಸಿ ಮೇಲೊಂದು ಬಿಗಿಯಾದ ಪ್ಲಾಸ್ಟಿಕ್ ಹಾಳೆ ಸುತ್ತಿದ್ದರಿಂದ ಬಾಟಲಿಯ ಹಿಂಬದಿ ಓದಲು ಸಿಗುತ್ತಿರಲಿಲ್ಲ. ಬಿಚ್ಚಿ ತೋರಿಸಿರೆಂದು ಕೇಳಿದಾಗ ಅಂಗಡಿಯವರು, "ಅಕ್ಕಾರ, ಕಂಪನಿ ಪ್ಯಾಕ್ ಐತ್ರಿ, ಬಿಚ್ಚಾಕ ಬರಂಗಿಲ್ಲ. ಇವತ್ತ ತಗೊಂಡ್ರ ಈ ರೇಟು, ನಾಳೆ ಕೇಳಬ್ಯಾಡ್ರಿ" ಎಂದರು. ಪಕ್ಕಾ ಬಿಲ್ ಕೇಳಿದ್ದಕ್ಕೆ ಹಬ್ಬದ ಗದ್ದಲದ ನೆಪ ಹೇಳಿ, ಒಟ್ಟು ಮೊತ್ತ ಮಾತ್ರ ಬರೆದ ಒಂದು ಕಚ್ಚಾ ಚೀಟಿಯನ್ನು ಕೊಟ್ಟರು.

ಮನೆಯಲ್ಲಿ ಹಾಳೆ ಹರಿದು ನೋಡಿದಾಗ ಒಂದು ಜಾತಿಯ ಶಾಂಪೂ ಬಾಟಲಿಗಳ ಮೇಲೆ 590 ರೂಪಾಯಿ ಎಂಬ ಚೀಟಿ ಅಂಟಿಸಿದ್ದು ಕಂಡಿತು. ಅದರ ಒಂದು ಮೂಲೆ ಎದ್ದಿತ್ತು. ಎಳೆದರೆ ಕೆಳಗೆ ಕಂಪನಿಯೇ ಮುದ್ರಿಸಿದ ಬೆಲೆ 445 ರೂಪಾಯಿ! ಲೆಕ್ಕ ಹಾಕಿ ನೋಡಿ: 590ರ ಮೇಲೆ ಶೇ. 25 ಕಳೆದರೆ 442 ರೂಪಾಯಿ 50 ಪೈಸೆ. ಬ್ಯಾನರು ಕಟ್ಟಿ ಕೊಟ್ಟ ರಿಯಾಯಿತಿ ಬಾಟಲಿಗೆ ಎರಡೂವರೆ ರೂಪಾಯಿ. ಅಷ್ಟೇ ಅಲ್ಲ, 445 ಎಂಬುದು ತೆರಿಗೆ ಇಳಿಯುವ ಮೊದಲಿನ ಮುದ್ರಣವಾದ್ದರಿಂದ ಇಳಿಕೆಯ ನಂತರ ಅದು ಸುಮಾರು 396 ರೂಪಾಯಿಗೆ ಬರಬೇಕಿತ್ತು. ಹಬ್ಬವಿಲ್ಲದ ಒಂದು ಸಾದಾ ದಿನ, ಯಾವ ರಿಯಾಯಿತಿಯೂ ಇಲ್ಲದೆ ಪ್ರಾಮಾಣಿಕ ಅಂಗಡಿಯಲ್ಲಿ ಕೊಂಡಿದ್ದರೆ ಬಾಟಲಿಗೆ 46 ರೂಪಾಯಿ ಉಳಿಯುತ್ತಿತ್ತು.

ಇಲ್ಲಿ ಒಂದು ನಿಯಮವನ್ನು ಸ್ಪಷ್ಟವಾಗಿ ತಿಳಿದಿರಬೇಕು. ತೆರಿಗೆ ಇಳಿದಾಗ ಹಳೆಯ ದಾಸ್ತಾನಿನ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸಲು ಸರ್ಕಾರ ಅನುಮತಿ ಕೊಟ್ಟಿದ್ದು ನಿಜ. ಆದ್ದರಿಂದ ಚೀಟಿ ಕಂಡ ಮಾತ್ರಕ್ಕೆ ಮೋಸವೆಂದು ಹೇಳಲಾಗದು. ಆದರೆ ಆ ಚೀಟಿ ಕಡಿಮೆ ಬೆಲೆಯದ್ದಾಗಿರಬೇಕು ಮತ್ತು ಹಳೆಯ ಬೆಲೆ ಓದಲು ಸಿಗುವಂತೆ ಪಕ್ಕದಲ್ಲಿರಬೇಕು. ಮುದ್ರಿತ ಬೆಲೆಯನ್ನು ಮುಚ್ಚಿ ಅದಕ್ಕಿಂತ ಹೆಚ್ಚಿನ ಬೆಲೆಯನ್ನು ಅಂಟಿಸಲು ಯಾವ ಅಂಗಡಿಗೂ ಅಧಿಕಾರವಿಲ್ಲ.

ಬಣ್ಣದ ಪೊಟ್ಟಣಗಳ ಕಥೆ ಬೇರೆ. ಅವುಗಳ ಬೆಲೆ ಸರಿಯಾಗಿತ್ತು, ಬಳಕೆಯ ಅವಧಿ ಮಾತ್ರ ಮುಗಿಯುತ್ತ ಬಂದಿತ್ತು. ಕೂದಲ ಬಣ್ಣವನ್ನು ವರ್ಷಕ್ಕಾಗುವಷ್ಟು ಕೂಡಿಡುವುದು ಹೇಗೂ ಜಾಣತನವಲ್ಲವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದರೊಂದಿಗೆ ಬರುವ, ಬಣ್ಣಕ್ಕೆ ಬೆರೆಸಿ ಹಚ್ಚುವ ಡೆವಲಪರ್‌ನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಶಾಖಕ್ಕೆ ಮೆಲ್ಲಗೆ ಒಡೆದು ಶಕ್ತಿ ಕಳೆದುಕೊಳ್ಳುತ್ತದೆ. ತಗಡಿನ ಮಾಡಿನ ಗೋದಾಮಿನಲ್ಲಿ ಒಂದು ಬೇಸಿಗೆ ಕಳೆದ ಪೊಟ್ಟಣ ಹಬ್ಬಕ್ಕೆ ಅಗ್ಗವಾಗಿ ಬಂದರೆ ಅದು ಅಗ್ಗವಾದದ್ದು ಏಕೆಂದು ಯೋಚಿಸಬೇಕಾಗುತ್ತದೆ. ವೈನಿಯವರಿಗೆ ಬಣ್ಣ ಸರಿಯಾಗಿ ಹಿಡಿಯಲಿಲ್ಲ. ನೆತ್ತಿಯ ಬಿಳಿಗೂದಲು ಹಾಗೆಯೇ ಉಳಿದು, ಮತ್ತೊಂದು ಪೊಟ್ಟಣವನ್ನು ಪೂರ್ಣ ಬೆಲೆಗೆ ಬೇರೆ ಕಡೆ ತರಬೇಕಾಯಿತು.

ಹಿಂದಿರುಗಿಸಲು ಹೋದಾಗ ಗಲ್ಲಾದ ಮೇಲಿನ ಬೋರ್ಡನ್ನು ತೋರಿಸಿ, "ಸೇಲ್ ಮಾಲು ವಾಪಸ್ ತಗೊಳ್ಳಾಂಗಿಲ್ರೀ" ಎಂಬ ಉತ್ತರ ಬಂತು. ಈ ಬೋರ್ಡಿಗೆ ಹೆದರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದ ವಸ್ತುವಿಗೆ ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಅಷ್ಟೇ. ಚೀಟಿ ಕಿತ್ತ ಬಾಟಲಿಯ ಫೋಟೊ ತೋರಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಅಲ್ಲಿಂದಲೇ ಕರೆ ಮಾಡುತ್ತೇವೆಂದು ಹೇಳಿದ ಮೇಲೆ ಒಡೆಯದ ಶಾಂಪೂ ಬಾಟಲಿಗಳ ಹಣ ಮರಳಿ ಬಂತು. ಬಣ್ಣದ ಹಣ ಬರಲಿಲ್ಲ. ಕಚ್ಚಾ ಚೀಟಿಯಲ್ಲಿ ವಸ್ತುಗಳ ಹೆಸರೇ ಇರಲಿಲ್ಲವಾದ್ದರಿಂದ ಆ ಪೊಟ್ಟಣ ಅವರದೇ ಎಂದು ತೋರಿಸುವ ದಾರಿ ನಮ್ಮಲ್ಲಿರಲಿಲ್ಲ. ಪಕ್ಕಾ ಬಿಲ್ ಇರುವವರು ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ.

ಆನ್‌ಲೈನ್ ಮಾರಾಟದಲ್ಲಿ ಇಂಥದ್ದು ನಡೆಯುವುದಿಲ್ಲವೆಂದು ನೆಮ್ಮದಿಯಿಂದಿರುವಂತಿಲ್ಲ. ತಯಾರಾದ ತಿಂಗಳನ್ನು ಪೊಟ್ಟಣದ ಮೇಲೆ ಮುದ್ರಿಸುವುದು ಕಡ್ಡಾಯವಾದರೂ ಮಾರಾಟದ ಪುಟದಲ್ಲಿ ಅದನ್ನು ತೋರಿಸಬೇಕಾಗಿಲ್ಲ, ಹೀಗಾಗಿ ಹಳೆಯ ದಾಸ್ತಾನು ಖಾಲಿ ಮಾಡಲು ದೊಡ್ಡ ಮಾರಾಟದ ದಿನಗಳು ಅನುಕೂಲವಾಗಿ ಒದಗುತ್ತವೆ. ಇನ್ನು ಹತ್ತೇ ನಿಮಿಷ ಎಂದು ಓಡುವ ಗಡಿಯಾರದಂಥ ಸುಳ್ಳು ಅವಸರವನ್ನು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಆ ಗಡಿಯಾರ ಮರುದಿನ ಮತ್ತೆ ಮೊದಲಿನಿಂದ ಓಡುವುದನ್ನು ಕಂಡರೆ ಅದೂ 1915ಕ್ಕೆ ಹೇಳುವ ಸಂಗತಿಯೇ.

ಈಗ ನಮ್ಮ ಮನೆಯಲ್ಲಿ ಖರೀದಿಯ ಕಾಲವನ್ನು ಬ್ಯಾನರು ನೋಡಿ ನಿರ್ಧರಿಸುವುದಿಲ್ಲ. ಶಾಂಪೂವನ್ನು ಇದ್ದದ್ದು ಮುಗಿಯುತ್ತ ಬಂದಾಗ, ಪೊಟ್ಟಣದ ಮೇಲೆ ಮುದ್ರಿಸಿರುವ ಮಿಲಿಲೀಟರ್‌ವಾರು ಬೆಲೆಯನ್ನು ಹೋಲಿಸಿ ತರುತ್ತೇವೆ. ಹಾಗೆ ನೋಡಿದಾಗ ಕೆಲವು ಬ್ರಾಂಡ್‌ಗಳಲ್ಲಿ ದೊಡ್ಡ ಬಾಟಲಿಗಿಂತ ಒಂದು ರೂಪಾಯಿಯ ಸ್ಯಾಶೆಯೇ ಅಗ್ಗವಾಗಿ ಕಾಣುವುದು ವಿಚಿತ್ರವಾದರೂ ನಿಜ. ಕಾಲ ನೋಡಿ ಕೊಳ್ಳಬೇಕಾದವು ಬೆಳೆಯಿಂದ ಬರುವ ಮೆಹಂದಿ ಮತ್ತು ಸೀಗೆಕಾಯಿ. ರಾಜಸ್ಥಾನದ ಸೋಜತ್ ಭಾಗದಲ್ಲಿ ಮೆಹಂದಿ ಎಲೆಯ ಕೊಯ್ಲು ಮಳೆಗಾಲ ಮುಗಿದ ಮೇಲೆ ನಡೆಯುವುದರಿಂದ ದೀಪಾವಳಿಗೆ ಮೊದಲು ಅರ್ಧ ಬೆಲೆಗೆ ಸಿಗುವ ಪುಡಿ ಹಿಂದಿನ ವರ್ಷದ್ದಾಗಿರುವ ಸಂಭವ ಹೆಚ್ಚು, ಮತ್ತು ಹಳತಾದಷ್ಟೂ ಅದರ ಬಣ್ಣ ಕುಂದುತ್ತದೆ. ಸೀಗೆಕಾಯಿಯ ಹೊಸ ಮಾಲು ಯಾವಾಗ ಬರುತ್ತದೆಂದು ಕಿರಾಣಿ ಅಂಗಡಿಯವರನ್ನೇ ಕೇಳಿ, ಕಾಯಿಯನ್ನು ಕೈಯಲ್ಲಿ ಮುರಿದು ಹುಳ ಬಿದ್ದಿಲ್ಲವೆಂದು ನೋಡಿಕೊಂಡು ತೂಕ ಮಾಡಿಸಿಕೊಳ್ಳಬಹುದು.