ನೀರು ನಿಲ್ಲುವ ಬಚ್ಚಲಿಗೆ ನಾಲ್ಕು ಮದ್ದು: ಒಂದೇ ಮನೆಯ ಎರಡು ಬಚ್ಚಲುಗಳ ಕಥೆ

ಕುಂದಾಪುರದ ನಮ್ಮ ಹಳೆಯ ಮನೆಯ ಬಚ್ಚಲಿಗೆ ಟೈಲ್ ಇರಲಿಲ್ಲ, ನೀರು ಹೋಗುವ ಬಾಯಿಗೆ ಜಾಲಿಯೂ ಇರಲಿಲ್ಲ. ಕಪ್ಪು ಹಾಸುಗಲ್ಲು, ಗೋಡೆಯ ಬುಡದಲ್ಲಿ ಒಂದು ತೂತು, ತೂತಿನಾಚೆ ಬಾಳೆಬುಡ. ಹಂಡೆಯ ಕೊನೆಯ ತಂಬಿಗೆ ಸುರಿದುಕೊಂಡು ಮೈ ಒರೆಸಿಕೊಳ್ಳುವಷ್ಟರಲ್ಲಿ ನೆಲದಲ್ಲಿ ನೀರು ಉಳಿಯುತ್ತಿರಲಿಲ್ಲ. ಮುಲುಂಡಿನ ಏಳನೆಯ ಮಹಡಿಯ ಈ ಫ್ಲ್ಯಾಟಿನಲ್ಲಿ ಮಾತ್ರ, ಅಷ್ಟು ದುಡ್ಡು ಸುರಿದು ಕೊಂಡ ಮೇಲೂ, ಸ್ನಾನವಾಗಿ ಅರ್ಧ ಗಂಟೆ ಕಳೆದರೂ ಬಾಗಿಲ ಬಳಿ ಕಾಲ್ಬೆರಳು ತೋಯುವಷ್ಟು ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆಯಾಗಿರುವ ಮುಂಬಯಿಯಲ್ಲಿ ಆ ನೆಲ ಒಣಗಿದ್ದನ್ನು ನಾನು ಕಂಡೇ ಇರಲಿಲ್ಲ. ಸೋಪಿನ ಲೋಳೆ, ಅದರ ಮೇಲೆ ಪಾಚಿ, ಅದರ ಮೇಲೆ ಸಣ್ಣ ಕಪ್ಪು ನೊಣಗಳು.

ಮನೆಯಲ್ಲಿ ಬಚ್ಚಲು ಎರಡು. ಹೊರಗಿನದು ಬರೀ ಸ್ನಾನಕ್ಕೆ, ಆರಡಿಗೆ ನಾಲ್ಕಡಿ. ಒಳಗಿನದು ಕೋಣೆಗೆ ಹೊಂದಿಕೊಂಡದ್ದು, ಕಮೋಡ್ ಇರುವುದು, ಸ್ವಲ್ಪ ದೊಡ್ಡದು. ಕಟ್ಟಿದ ಕೈ ಒಂದೇ ಆದ್ದರಿಂದ ತಪ್ಪೂ ಒಂದೇ. ಐದು ವರ್ಷಗಳಲ್ಲಿ ಇವೆರಡರ ಮೇಲೆ ನಾಲ್ಕು ಬಗೆಯ ಪ್ರಯೋಗ ಮಾಡಿದ್ದೇನೆ.

ಖರ್ಚಿಲ್ಲದ ಎರಡು ಪರೀಕ್ಷೆಗಳನ್ನು ಮೊದಲು ಹೇಳಿಬಿಡುತ್ತೇನೆ. ಒಂದು ಬಕೆಟ್ ನೀರನ್ನು ನೇರವಾಗಿ ಜಾಲಿಯ ಮೇಲೆಯೇ ಸುರಿಯಿರಿ. ಗಟಗಟನೆ ಇಳಿದುಹೋದರೆ ಪೈಪು ಸರಿಯಾಗಿದೆ, ತಪ್ಪು ನೆಲದ ವಾಟದ್ದು, ಎಂದರೆ ಇಳಿಜಾರಿನದು. ಇಳಿಯದಿದ್ದರೆ ಪೈಪು ಕಟ್ಟಿದೆ, ಗಾರೆಯವರನ್ನು ಕರೆಯುವ ಅಗತ್ಯವೇ ಇಲ್ಲ. ಎರಡನೆಯದು, ನೆಲ ಒಣಗಿದಾಗ ಮಕ್ಕಳಾಡುವ ಗಾಜಿನ ಗೋಲಿಯನ್ನು ಬಾಗಿಲ ಬಳಿ ಬಿಡುವುದು. ನಮ್ಮ ಗೋಲಿ ಜಾಲಿಯ ಕಡೆ ಹೋಗುವ ಬದಲು ಕಮೋಡನ್ನು ಒಂದು ಸುತ್ತು ಹಾಕಿ ಮತ್ತೆ ಬಾಗಿಲಿಗೇ ಬಂತು! ಅಳೆದಾಗ ಜಾಲಿಯ ಅಂಚು ಬಾಗಿಲ ಮೂಲೆಗಿಂತ ಮೂರು ಮಿಲಿಮೀಟರ್ ಎತ್ತರದಲ್ಲಿತ್ತು. ಸಾಮಾನ್ಯ ಲೆಕ್ಕದಲ್ಲಿ ಪ್ರತಿ 80 ಅಡಿಗೆ ಒಂದು ಅಡಿಯಷ್ಟಾದರೂ ವಾಟ ಬೇಕು. ಗೋಡೆಯಿಂದ ಜಾಲಿಗೆ ಐದು ಅಡಿ ಇದ್ದರೆ ಮುಕ್ಕಾಲು ಇಂಚು ಇಳಿಯಬೇಕು.

ಮೊದಲ ಮದ್ದು ವೈಪರ್ ಮತ್ತು ಹೊಸ ಜಾಲಿ. ವೈಪರ್ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಸ್ನಾನ ಮಾಡಿದವರೇ ಎಳೆಯಬೇಕೆಂಬ ನಿಯಮ ನಮ್ಮ ಮನೆಯಲ್ಲಿ ಒಂದು ವಾರ ನಡೆಯಿತು. ಜಾಲಿಯದು ನನ್ನದೇ ದಡ್ಡತನ. ಜಿರಳೆ ತಡೆಯುವ ಬಟ್ಟಲಿರುವ ಮಿರಿಮಿರಿ ಸ್ಟೀಲ್ ಜಾಲಿ ತಂದು ಕೂರಿಸಿದೆ. ಆ ಬಟ್ಟಲಿನಲ್ಲಿ ಕೂದಲು ಸಿಕ್ಕಿಕೊಂಡು, ಮೊದಲು ಇಳಿಯುತ್ತಿದ್ದಷ್ಟು ನೀರೂ ಇಳಿಯದಾಯಿತು.

ಎರಡನೆಯದು ತೇಪೆ. ಒಳಗಿನ ಬಚ್ಚಲಲ್ಲಿ ಜಾಲಿಯ ಸುತ್ತಲಿನ ನಾಲ್ಕು ಟೈಲ್ ಒಡೆದು, ಜಾಲಿಯನ್ನು ತಗ್ಗಿಸಿ, ಮತ್ತೆ ಟೈಲ್ ಹಚ್ಚುವುದು. 3,500 ರೂಪಾಯಿ, ಒಂದೇ ದಿನದ ಕೆಲಸ. ಜಾಲಿಯ ಸುತ್ತ ಸುಂದರವಾದ ಒಂದು ತಟ್ಟೆಯಾಯಿತು, ಆ ತಟ್ಟೆಯೊಳಗೆ ಬಿದ್ದ ನೀರು ಚೆನ್ನಾಗಿಯೇ ಹೋಯಿತು. ಉಳಿದ ನೆಲ ಇದ್ದ ಹಾಗೇ ಇತ್ತು. ಬಾಗಿಲ ಮೂಲೆಯ ಕೆರೆಯ ಅರ್ಧ ಪಾಲು ಕಮೋಡಿನ ಹಿಂದಕ್ಕೆ ವರ್ಗವಾಯಿತು, ಅಷ್ಟೇ. ಮುಂದಿನ ಡಿಸೆಂಬರಿನಲ್ಲಿ ಕೆಳಮನೆಯ ಕಾಕಾ ಬಂದು ತಮ್ಮ ಬಚ್ಚಲ ಛಾವಣಿ ತೋರಿಸಿದರು. ಜಾಲಿಯ ನೇರ ಕೆಳಗೆ ಚಪಾತಿಯಷ್ಟಗಲ ಕಂದು ಕಲೆ, ನಡುವೆ ಬಣ್ಣ ಉಬ್ಬಿ ಉದುರುತ್ತಿತ್ತು. ಡಿಸೆಂಬರಿನಲ್ಲಿ ಮಳೆಯ ಮೇಲೆ ತಪ್ಪು ಹೊರಿಸುವಂತಿಲ್ಲ. ಅದು ಮೊದಲೇ ಜಿನುಗುತ್ತಿತ್ತೋ, ನಮ್ಮ ಉಳಿಯ ಏಟಿಗೆ ಟ್ರ್ಯಾಪಿನ (ಜಾಲಿಯಡಿ ವಾಸನೆ ತಡೆಯಲು ನೀರು ನಿಲ್ಲುವ ಬಟ್ಟಲು) ಕೊರಳ ಸುತ್ತಲಿನ ವಾಟರ್‌ಪ್ರೂಫಿಂಗ್ ಬಿರುಕುಬಿಟ್ಟಿತೋ ಎಂದು ಕಾಕಾ ಕೇಳಿದರು. ನಾನು ಚಹಾ ಮಾಡಲು ಒಳಗೆ ಹೋದೆ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳಲ್ಲಿ ಹೊರಗಿನ ಸಾಮಾನ್ಯ ಪೈಪಿನ ಸೋರಿಕೆ ಸೊಸೈಟಿಯ ಖರ್ಚು, ಫ್ಲ್ಯಾಟಿನೊಳಗಿನ ಬಚ್ಚಲಿನದು ಮಾಲೀಕರ ಖರ್ಚು. ಹಾಗಾಗಿ ವಾದಕ್ಕೆ ಜಾಗವೂ ಇರಲಿಲ್ಲ.

ಇಷ್ಟಾದ ಮೇಲೆ ಸಿಕ್ಕವರು ವಿಜಯಪುರ ಜಿಲ್ಲೆಯ ಒಬ್ಬ ಗೌಂಡಿ. ನಮ್ಮ ಕಡೆ ಮೇಸ್ತ್ರಿ ಎನ್ನುತ್ತೇವೆ, ಅವರ ಕಡೆ ಗೌಂಡಿ, ಮರಾಠಿಯಲ್ಲೂ ಹೆಚ್ಚುಕಡಿಮೆ ಅದೇ. ಎರಡೂ ಬಚ್ಚಲುಗಳ ಟೈಲ್‌ಗಳನ್ನು ಉಳಿಯ ಹಿಡಿಯಿಂದ ಒಂದೊಂದಾಗಿ ತಟ್ಟುತ್ತಾ ಹೋದರು. ಹೊರಗಿನದರಲ್ಲಿ ಎಲ್ಲವೂ ಗಟ್ಟಿ ಸದ್ದು. ಒಳಗಿನದರಲ್ಲಿ ಅರ್ಧದಷ್ಟು ಟೊಳ್ಳು. “ಅಕ್ಕಾ, ಹೊರಗಿನದಕ್ಕೆ ಅಂಗಿಯ ಮೇಲೆ ಅಂಗಿ ತೊಡಿಸಬಹುದು. ಒಳಗಿನದರ ಹೊಟ್ಟೆಯಲ್ಲಿ ನೀರು ತುಂಬಿದೆ, ಕೊಯ್ಯಲೇಬೇಕು” ಎಂದರು. ನನ್ನ ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ.

ಮೂರನೆಯ ಮದ್ದು, ಹೊರಗಿನದಕ್ಕೆ ಟೈಲ್ ಮೇಲೆ ಟೈಲ್. ಹಳೆಯ ಟೈಲಿನ ನುಣುಪನ್ನು ಉಳಿಯಿಂದ ಕಚ್ಚು ಹಾಕಿ ಕೆಡಿಸಿದರು. ರಸಮಟ್ಟ ಇಟ್ಟು, ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು, ಬಾಗಿಲ ಕಡೆ ದಪ್ಪ, ಜಾಲಿಯ ಕಡೆ ತೆಳು ಆಗುವಂತೆ ಹೊಸ ಹಾಸು ಹಾಕಿದರು. ಅದರ ಮೇಲೆ ಪಾಲಿಮರ್ ಬೆರೆತ ಅಂಟಿನಿಂದ ಒಂದಡಿಯ ಒರಟು ಟೈಲ್. ಇಲ್ಲಿ ನಾನು ಕಲಿತದ್ದು ಟೈಲಿನ ಅಳತೆಯ ಗುಟ್ಟು. ನನಗೆ ಎರಡಡಿಯ ದೊಡ್ಡ ಟೈಲ್ ಬೇಕಿತ್ತು. ಜಾಲಿ ಒಂದು ಬಿಂದು. ನಾಲ್ಕೂ ಕಡೆಯಿಂದ ಅದರತ್ತ ವಾಟ ಕೊಡಬೇಕೆಂದರೆ ನೆಲ ಒಳಮುಖವಾಗಿ ಮಡಚಿಕೊಳ್ಳಬೇಕು. ದೊಡ್ಡ ಟೈಲ್ ಮಡಚಿಕೊಳ್ಳುವುದಿಲ್ಲ, ಒಂದು ಮೂಲೆ ಎದ್ದು ನಿಲ್ಲುತ್ತದೆ. ಬಿಲ್ಡರ್ ಹಾಕಿಸಿದ್ದು ಎರಡಡಿಯ ಟೈಲ್ ಎಂಬುದು ಆಗ ನೆನಪಾಯಿತು. ದೊಡ್ಡದೇ ಬೇಕೆನ್ನುವವರು ಗೋಡೆಯುದ್ದದ ನೀಳ ಜಾಲಿ ಹಾಕಿಸಿಕೊಳ್ಳಬೇಕು, ಆಗ ಒಂದೇ ದಿಕ್ಕಿಗೆ ವಾಟ ಸಾಕು.

ಮೂರು ದಿನ, 14,000 ರೂಪಾಯಿ, ಧೂಳು ಕಡಿಮೆ. ಬಾಗಿಲ ಬಳಿ ನೆಲ ಒಂದೂಕಾಲು ಇಂಚು ಏರಿತು. ಎರಡು ಇಂಚಿದ್ದ ಕಡಪಾ ಹೊಸ್ತಿಲು ಈಗ ಮುಕ್ಕಾಲು ಇಂಚಾಗಿ ಉಳಿದಿದೆ, ಶವರ್ ಜೋರಾದರೆ ಹನಿಗಳು ಹಜಾರಕ್ಕೆ ಹಾರುತ್ತವೆ. ಕಮೋಡ್ ಇರುವ ಬಚ್ಚಲಲ್ಲಾದರೆ ಅದನ್ನೂ ಕಿತ್ತು ಎತ್ತರಿಸಿ ಕೂರಿಸಬೇಕಾಗುತ್ತಿತ್ತು. ಕೆಲಸ ಮುಗಿದ ವಾರ ಅತ್ತೆ ತಮ್ಮದೇ ಪರೀಕ್ಷೆ ನಡೆಸಿದರು. ಒಂದು ತಂಬಿಗೆ ನೀರಿಗೆ ಅರಿಶಿನ ಕದಡಿ ಬಾಗಿಲ ಬಳಿ ಸುರಿದರು. ಹಳದಿ ನೀರು ಎಲ್ಲಿಯೂ ತಡೆಯದೆ ಜಾಲಿಗೆ ಹೋಯಿತು, ಹೋಗುವಾಗ ಸಿಮೆಂಟಿನ ಸಂದುಗಳಿಗೆ ಬಣ್ಣ ಕೊಟ್ಟೇ ಹೋಯಿತು. ಆ ಗೆರೆಗಳು ಇಂದಿಗೂ ಇವೆ.

ನಾಲ್ಕನೆಯದು, ಒಳಗಿನದನ್ನು ಸ್ಲ್ಯಾಬಿನವರೆಗೆ ಒಡೆದು ಹೊಸದಾಗಿ ಕಟ್ಟುವುದು, ನಿಜವಾದ ಯುದ್ಧ. ಸೊಸೈಟಿಗೆ ಅರ್ಜಿ, ಠೇವಣಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಸುತ್ತಿಗೆಗೆ ರಜೆ. ಮೊದಲ ಸಾಲಿನ ಟೈಲ್ ಎದ್ದೊಡನೆ ಬಂದ ವಾಸನೆಯನ್ನು ಹೇಗೆ ಹೇಳಲಿ, ಮುಚ್ಚಿದ ಬಾವಿಯ ಮುಚ್ಚಳ ತೆಗೆದಂತೆ. ಮುಂಬಯಿಯಲ್ಲಿ ಬಚ್ಚಲ ಕೆಳಗಿನ ಸ್ಲ್ಯಾಬನ್ನು ತಗ್ಗಿಸಿ, ಆ ಗುಂಡಿಗೆ ಇಟ್ಟಿಗೆ ಚೂರು ಮತ್ತು ಗಾರೆಯ ಕೋಬಾ ತುಂಬುತ್ತಾರೆ. ನಮ್ಮ ಕೋಬಾದ ಇಟ್ಟಿಗೆ ಚೂರುಗಳು ಕಪ್ಪಾಗಿದ್ದವು, ಕೈಯಲ್ಲಿ ಹಿಂಡಿದರೆ ಪುಡಿಯಾಗುತ್ತಿದ್ದವು. ತಳದಲ್ಲಿ ಎರಡು ಬೆರಳು ನೀರು. ಸಂದುಗಳಿಂದ ಇಳಿದ ನಮ್ಮ ಸ್ನಾನದ ನೀರು ಹೊರಹೋಗಲು ದಾರಿಯಿಲ್ಲದೆ ಅಲ್ಲಿಯೇ ಕುಳಿತಿತ್ತು.

38 ಚೀಲ ಕಸ ಲಿಫ್ಟಿನಲ್ಲಿ ಇಳಿಯಿತು. ಸ್ಲ್ಯಾಬ್ ಒಣಗಿದ ಮೇಲೆ ಹೊಸ ನಹಾಣಿ ಟ್ರ್ಯಾಪ್ ಕೂರಿಸಿದರು. ಮರಾಠಿಯಲ್ಲಿ ನ್ಹಾಣಿ ಎಂದರೆ ನಮ್ಮ ಬಚ್ಚಲೇ. ಗೋಡೆಯ ಮೇಲೆ ಒಂದಡಿ ಏರುವಂತೆ ವಾಟರ್‌ಪ್ರೂಫಿಂಗ್ ಲೇಪ, ಹೊಸ ಕೋಬಾ, ಅದರ ಮೇಲೆ ಮತ್ತೊಂದು ಲೇಪ. ಆಮೇಲೆ ಟ್ರ್ಯಾಪಿನ ಬಾಯಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆಯುಂಡೆ ತುರುಕಿ, ನೀರು ತುಂಬಿಸಿ, ಗೋಡೆಗೆ ಗೆರೆ ಹಾಕಿ 48 ಗಂಟೆ ಬಿಟ್ಟರು. ಈ ಎರಡು ದಿನ ಉಳಿಸಲು ಹೋಗುವ ಗುತ್ತಿಗೆದಾರರಿಗೆ ಕೆಲಸ ಕೊಡಲೇಬೇಡಿ. ಕಾಕಾ ದಿನಕ್ಕೆ ಮೂರು ಸಲ ಛಾವಣಿ ನೋಡಿ ಫೋನ್ ಮಾಡಿದರು. ಕೊನೆಗೆ ವಾಟದ ಗಾರೆ, ಟೈಲ್, ಸಂದುಗಳಿಗೆ ಸಿಮೆಂಟಿನ ಬದಲು ಸುಲಭಕ್ಕೆ ಕಲೆ ಹಿಡಿಯದ ಎಪಾಕ್ಸಿ. ಅರಿಶಿನದ ಅನುಭವದ ಮೇಲೆ ಎಪಾಕ್ಸಿಗೆ ಹೆಚ್ಚು ಹಣ ಕೊಡಲು ಚೌಕಾಸಿ ಮಾಡಲಿಲ್ಲ. 17 ದಿನ, 62,000 ರೂಪಾಯಿ.

ಎರಡೂ ಮುಗಿದು ಎರಡು ಮಳೆಗಾಲ ಕಳೆದಿವೆ. ಸ್ನಾನವಾದ ಮೇಲೆ ಮೊಬೈಲ್ ಹಿಡಿದು ಲೆಕ್ಕ ಹಾಕಿದ್ದೇನೆ: ಎರಡು ನೆಲಗಳಲ್ಲಿಯೂ ನಿಂತ ನೀರು ನಾಲ್ಕು ನಿಮಿಷದೊಳಗೆ ಇಳಿಯುತ್ತದೆ. ನೀರು ಹೋಗುವ ಮಟ್ಟಿಗೆ 14,000ಕ್ಕೂ 62,000ಕ್ಕೂ ವ್ಯತ್ಯಾಸವಿಲ್ಲ. ಆದ್ದರಿಂದ ಕೆಳಮನೆಯ ಛಾವಣಿ ಒಣಗಿದ್ದು, ತಟ್ಟಿದರೆ ಟೈಲ್ ಗಟ್ಟಿ ಸದ್ದು ಕೊಡುತ್ತಿದ್ದು, ಹೊಸ್ತಿಲು ಎತ್ತರವಿದ್ದರೆ ನಾನು ಒಡೆಯಲು ಹೇಳುವುದಿಲ್ಲ. ಹಾಗೆಂದು ಸೋರುವ ನೆಲದ ಮೇಲೆ ಹೊಸ ಟೈಲ್ ಹಚ್ಚಿದರೆ, ಕೆಳಗಿನ ಕೊಳಕ್ಕೆ ಇನ್ನೊಂದು ಮುಚ್ಚಳ ಹಾಕಿದ ಹಾಗೆ. ಹೊರಗಿನದರಲ್ಲಿ ಒಂದು ಮೂಲೆಯ ಟೈಲ್ ಈಚೆಗೆ ಟೊಳ್ಳು ಸದ್ದು ಕೊಡುತ್ತಿದೆ, ಅದರ ಮೇಲೆ ಕಣ್ಣಿಟ್ಟಿದ್ದೇನೆ. ತೇಪೆಯನ್ನು ಮಾತ್ರ ಯಾರಿಗೂ ಶಿಫಾರಸು ಮಾಡಲಾರೆ. 3,500 ಉಳಿಸಿಕೊಂಡು ವೈಪರ್ ಎಳೆಯುವುದೇ ಮೇಲು.

ಗೋಲಿ ಈಗಲೂ ಕನ್ನಡಿಯ ಕೆಳಗಿನ ಹಲಗೆಯ ಮೇಲಿದೆ. ಮೊನ್ನೆ ಬಟ್ಟೆ ಒಗೆಯುವ ಬಾಲ್ಕನಿಯಲ್ಲಿ ಬಿಟ್ಟು ನೋಡಿದೆ. ಸೀದಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿತು. ನಮ್ಮ ಮನೆಯವರು ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡು, “ದೀಪಾವಳಿ ಕಳೆಯಲಿ” ಎಂದರು.